ಪಾರವ್ವನ ಬುಗುಡಿ

ಸಹಿ ಸಿಕ್ಕ ಮೇಲೆ ಮತ್ತೇನು ಕೇಳುವುದಿದೆ ಎಂದಿದ್ದರು ಮುಂಬೈ ಫೋರ್ಟಿನ ನನ್ನ ವಕೀಲರು. ನನಗೇ ಸಮಾಧಾನವಿರಲಿಲ್ಲ. ಸಯನ್‌ನಲ್ಲಿ ಜೋಳದ ರೊಟ್ಟಿ ಮಾರುವ ಶಾಂತವ್ವನ ಫೋಟೋ ತೆಗೆದು, ಅದನ್ನು ಎನ್‌ಎಫ್‌ಟಿ, ಅಂದರೆ ಕೊಂಡ ಒಬ್ಬರದೇ ಹೆಸರಿಗೆ ದಾಖಲಾಗುವ ಡಿಜಿಟಲ್ ಚಿತ್ರ, ಮಾಡಿ ಇಂಟರ್ನೆಟ್‌ನಲ್ಲಿ ಮಾರಲು ಹೊರಟಿದ್ದೆ. ಒಪ್ಪಿಗೆ ಪತ್ರಕ್ಕೆ ಅವಳು ಓದದೆಯೇ ಸಹಿ ಹಾಕಿದ್ದಳು. ಹಾಗಾಗಿ ಮತ್ತೆ ಹೋಗಿ ಮೊಬೈಲಿನಲ್ಲಿ ಫೋಟೋ ತೋರಿಸಿ, "ಇದನ್ನ ಯಾರೋ ಪರದೇಶದವರು ಕೊಂಡು ಇಟ್ಕೋತಾರೆ. ನಿಜವಾಗ್ಲೂ ಒಪ್ಪಿಗೆನಾ ಅವ್ವ?" ಎಂದೆ.

"ಮುಖ ನಂದು, ಒಯ್ಯಲಿ ಬಿಡ್ರಿ," ಎಂದು ನಕ್ಕಳು. "ಆದ್ರ ಕಿವ್ಯಾಗಿನ ಬಂಗಾರದ ಬುಗುಡಿ ಬಾಜೂಮನಿ ಪಾರವ್ವಂದು. ಫೋಟೋಕ್ಕಂತ ಇಸ್ಕೊಂಡಿದ್ದೆ. ಅಕಿನ್ನೂ ಕೇಳ್ರಿ."

ನಾಲ್ಕು ಪುಟದ ಪತ್ರದಲ್ಲಿ ಬುಗುಡಿಯ ಸುದ್ದಿಯೇ ಇರಲಿಲ್ಲ. ಅವರಿಬ್ಬರೂ ಇರುವ ವಠಾರದಂಥ ಚಾಳಿಗೆ ಹೋಗಿ ಪಾರವ್ವನನ್ನು ಕೇಳಿದೆ. ಅವಳು ಶಾಂತವ್ವನ ಮುಖ ಬಿಟ್ಟು ಕಿವಿಯನ್ನಷ್ಟೇ ದೊಡ್ಡದು ಮಾಡಿ ನೋಡಿದಳು.

"ಮಾರ್ರಿ. ಆದ್ರ ಬುಗುಡಿ ಪಾರವ್ವಂದು ಅಂತ ಕೆಳಗ ಬರೀರಿ. ಇಲ್ಲಾಂದ್ರ ನಮ್ಮೂರ ಮಂದಿ ನೋಡಿ, ಪಾರವ್ವ ಬುಗುಡಿ ಮಾರ್ಕೊಂಡಾಳ ಅಂತಾರ."

ಹಾಗೇ ಬರೆದೆ. ನನ್ನಂಥ ಪ್ರಾಮಾಣಿಕ ಇನ್ನೊಬ್ಬನಿಲ್ಲ ಎಂದು ಬೀಗುತ್ತಾ ಲೋಕಲ್ ರೈಲು ಹತ್ತಿದೆ. ದಾದರ್ ದಾಟುವಾಗ ನೆನಪಾಯಿತು: ಆ ಫೋಟೋ ತೆಗೆದ ಲೆನ್ಸ್ ಬೊರಿವಲಿಯ ಗೆಳೆಯನದು. ಮಗಳ ಬರ್ತ್‌ಡೇಗೆ ಬೇಕು ಅಂತ ಹೇಳಿ ಇಸ್ಕೊಂಡಿದ್ದೆ.