ಮೂರನೆಯ ಸಾಲಿನ ಕೊರತೆ

ಕೋದಂಡಪ್ಪನವರು ರಾಬರ್ಟ್‌ಸನ್‌ಪೇಟೆಯ ಶಾಲೆಯೊಂದರಲ್ಲಿ ಕನ್ನಡ ಪಂಡಿತರು. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವವರ ಪದದಲ್ಲೂ ಲಘು ಗುರು ಹುಡುಕುತ್ತಿದ್ದ ಮಹಾನುಭಾವರು.

೧೯೫೮ರ ಮಾಘದಲ್ಲಿ ತಂಗಿ ಮುನಿಗಂಗಮ್ಮನನ್ನು ನೋಡಲು ಕ್ಯಾಸಂಬಳ್ಳಿಗೆ ಹೋದರು. ಹೆತ್ತವರಿಲ್ಲದ ಅವಳಿಗೆ ತವರೆಂದರೆ ಈ ಅಣ್ಣನೊಬ್ಬನೇ. ಗಂಡನ ಏಟು, ಅತ್ತೆ ಅಕ್ಕಯ್ಯಮ್ಮನ ಬಾಯಿ, ಎರಡನ್ನೂ ತಿಂದು ತಿಂದು ಹುಡುಗಿ ಕಡ್ಡಿಯಾಗಿದ್ದಳು. ಅಣ್ಣ ಕರೆದುಕೊಂಡು ಹೋದರೆ ಬದುಕುಂಟು, ಇಲ್ಲವಾದರೆ ಇಲ್ಲ. ಆದರೆ ಅತ್ತೆ ಬಾಗಿಲಲ್ಲೇ ಕೂತಿರುವಾಗ ಹೇಳುವುದು ಹೇಗೆ? ಆ ಸೀಮೆಯ ಹೆಂಗಸರು ಬಾಯಿಬಿಟ್ಟು ಹೇಳಲಾಗದ್ದನ್ನು ರಾಗಿ ಬೀಸುತ್ತಾ ಹಾಡಿನಲ್ಲಿ ಹೇಳುತ್ತಿದ್ದರು. ಮುನಿಗಂಗಮ್ಮನೂ ಬೀಸುವ ಕಲ್ಲಿನ ಮುಂದೆ ಕೂತಳು.

ತವರೂರ ಬಾವೀಲಿ ಸಿಹಿನೀರು ತುಂಬೈತೆ
ನನಗಿಲ್ಲಿ ಉಪ್ಪು ನೀರೊಂದೆ ಕುಡಿಯೋಕೆ
ಬರಲೇನೊ ಅಣ್ಣ

ಅಷ್ಟಕ್ಕೇ ನಿಲ್ಲಿಸಿ ಅಣ್ಣನ ಮುಖ ನೋಡಿದಳು. ಆ ಮುಖವೋ ಅರಳಿ ಮೊರದಗಲವಾಗಿತ್ತು.

"ತ್ರಿಪದಿ ಕಣವ್ವಾ ಇದು! ಐದೈದು ಮಾತ್ರೆ, ನಡುವೆ ಮೂರು, ಎಲ್ಲೂ ಎಡವಿಲ್ಲ. ಸಿಹಿನೀರು ತವರು, ಉಪ್ಪುನೀರು ಅತ್ತೆಮನೆ. ಭಾವ, ತವರಿನ ಹಂಬಲ."

ಅಕ್ಕಯ್ಯಮ್ಮ ಸೊಸೆಯನ್ನು ದುರುಗುಟ್ಟಿ ನೋಡಿದಳು. ಪಂಡಿತರಿಗೆ ಅದೆಲ್ಲಿ ಕಾಣಬೇಕು?

"ಕೊನೇ ಸಾಲಲ್ಲಿ ಮಾತ್ರ ಐದು ಮಾತ್ರೆ ಸಾಲ್ದು. 'ಹಬ್ಬಕ್ಕೆ' ಅಂತ ಸೇರಿಸು. ಬರಲೇನೊ ಅಣ್ಣ ಹಬ್ಬಕ್ಕೆ! ಈಗ ಸರಿಹೋಯ್ತು ನೋಡು."

"ಅಬ್ಬಕ್ಕೆ ತಾನೇ, ಕಳಿಸಾನ ಬುಡಪ್ಪಾ," ಎಂದಳು ಅತ್ತೆ.

ಮುನಿಗಂಗಮ್ಮ "ಆಗ್ಲಣ್ಣ" ಎಂದು ತಲೆ ತಗ್ಗಿಸಿ ಮತ್ತೆ ಕಲ್ಲು ತಿರುಗಿಸಿದಳು. ತಂಗಿಗೂ ಛಂದಸ್ಸು ಒಲಿದಿದೆಯಲ್ಲ ಎಂಬ ಸಂತೋಷದಲ್ಲಿ ಅಣ್ಣ ಸಂಜೆಯ ಬಸ್ಸು ಹತ್ತಿದರು. ಇಂಥ ಪಾಂಡಿತ್ಯಕ್ಕಿಷ್ಟು ಬೆಂಕಿ ಹಾಕ!

ಯುಗಾದಿಗೆ ಮುಂಚೆಯೇ ಅವಳು ದನದ ಕೊಟ್ಟಿಗೆಯಲ್ಲಿ ನೇಣು ಹಾಕಿಕೊಂಡಳು. ಮಣ್ಣು ಮಾಡಿ ಬರುವಾಗ ಪಕ್ಕದ ಮನೆಯ ಮುತ್ಯಾಲಮ್ಮ ಪಂಡಿತರನ್ನು ದಾರಿಯಲ್ಲೇ ತಡೆದಳು. ಅಂದು ಗೋಡೆಯಾಚೆಯಿಂದ ಹಾಡನ್ನೂ ಮಾತನ್ನೂ ಕೇಳಿಸಿಕೊಂಡವಳು ಅವಳು.

"ಅವ್ಳು ಅಬ್ಬಕ್ಕೆ ಬತ್ತೀನಿ ಅಂದ್ಳಾ ಮೇಷ್ಟ್ರೇ? ಅತ್ತೆ ಮುಂದೆ ಇನ್ನೆಂಗೆ ಏಳ್ಬೇಕಿತ್ತು? 'ಬಾ ತಂಗಿ' ಅಂತ ನೀವು ಅನ್ಲಿ ಅಂತ ಅಲ್ಲಿ ನಿಲ್ಸಿದ್ಳು. ನೀವು ಅಬ್ಬಕ್ಕೆ ಅಂದ್ರಿ."

ಬೇಡವೆಂದರೂ ಕೋದಂಡಪ್ಪನವರ ಮನಸ್ಸು ಎಣಿಸಿಯೇಬಿಟ್ಟಿತು.

ಬಾ ತಂಗಿ. ಐದೇ ಮಾತ್ರೆ.