ಷಡ್ಡಕನ ಗಾಡಿ ಸೋರುವುದಿಲ್ಲ

ಬೇರೆ ಅತ್ತೆಯಂದಿರು ಅಳಿಯ ಬಂದರೆ ಮೊದಲು ಕಾಲಿಗೆ ನೀರು ಕೊಡುತ್ತಾರೆ. ನನ್ನ ಅತ್ತೆ ಕಳೆದ ತಿಂಗಳವರೆಗೂ ಮೊದಲು ನನ್ನ ಗಾಡಿಯ ಕೆಳಗೆ ಡಬ್ಬಿ ಇಡುತ್ತಿದ್ದರು.

ತಮಾಷೆಯಲ್ಲ. ಭಂಡಾರಕವಠೆಯ ಅವರ ಮನೆಗೆ ಶಹಾಬಾದ್ ಕಲ್ಲಿನ ಅಂಗಳ. ನನ್ನ ಪಿಕಪ್ ಅಲ್ಲಿ ಒಂದು ತಾಸು ನಿಂತರೆ ಸಾಕು, ಅಂಗೈಯಗಲ ಕರಿ ಎಣ್ಣೆ. ಎಷ್ಟು ತಿಕ್ಕಿದರೂ ಕಲೆ ಹೋಗುವುದಿಲ್ಲ. ಹಾಗಾಗಿ ನನ್ನ ಹಾರ್ನ್ ಕೇಳಿದೊಡನೆ ಅತ್ತೆ ಡಬ್ಬಿ ಹಿಡಿದು ಹೊರಗೆ. ನಾನೋ ಹಿರಿಯ ಅಳಿಯ. ಸೋಲಾಪುರದ ನವಿ ಪೇಠದಲ್ಲಿ ಬಟ್ಟೆಯಂಗಡಿ ಇಟ್ಟವನು, ಟೆರಿಲಿನ್ ಅಂಗಿ ತೊಟ್ಟು ಇಳಿಯುವವನು.

ಅದನ್ನೂ ಸಹಿಸುತ್ತಿದ್ದೆ, ಪಕ್ಕದಲ್ಲಿ ಸಿದ್ರಾಮನ ಪಿಕಪ್ ನಿಂತಿರದಿದ್ದರೆ.

ಸಿದ್ರಾಮ ನನ್ನ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಕರಜಗಿಯಲ್ಲಿ ಒಕ್ಕಲುತನ. ಎರಡೂ ಗಾಡಿ ಒಂದೇ ದಿನ, ಒಂದೇ ಮಿಲಿಟರಿ ಲಿಲಾವಿನಲ್ಲಿ ಕೊಂಡವು. ಬಣ್ಣ ಒಂದೇ, ವಯಸ್ಸು ಒಂದೇ. ಎರಡರ ಮೀಟರೂ ಲಕ್ಷ ಮೈಲಿ ದಾಟಿ ಮತ್ತೆ ಸೊನ್ನೆಯಿಂದ ಎಣಿಸುತ್ತಿವೆ. ನಾನು ಅಕ್ಕಲಕೋಟದ ಸಂತೆಗೆ ಬಟ್ಟೆಯ ಗಂಟು ಒಯ್ಯುತ್ತೇನೆ. ಅವನು ಜೋಳ, ಕಡಲೆ, ಒಮ್ಮೊಮ್ಮೆ ಕುರಿ ಹೇರುತ್ತಾನೆ. ಕುರಿ ಹೇರುವ ಗಾಡಿ ಒಂದು ಹನಿ ಸೋರುವುದಿಲ್ಲ, ಸೀರೆ ಹೇರುವ ಗಾಡಿ ಸೋರುತ್ತದೆ. ಇದು ಯಾವ ನ್ಯಾಯ?

ನಾನೇನು ಸುಮ್ಮನೆ ಕೂತಿರಲಿಲ್ಲ. ಸೋಲಾಪುರದ ಗ್ಯಾರೇಜಿನಲ್ಲಿ ಮೊದಲು ಚೇಂಬರ್ ಗ್ಯಾಸ್ಕೆಟ್ ಬದಲಾಯಿಸಿದರು. (ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ತಗಡಿನ ಬೋಗುಣಿಗೆ ಗ್ಯಾರೇಜಿನವರು ಚೇಂಬರ್ ಅನ್ನುತ್ತಾರೆ.) ಎಂಟು ದಿನ ನೆಲ ಒಣಗಿತ್ತು, ಒಂಬತ್ತನೆಯ ದಿನ ಮತ್ತೆ ಹನಿ. ಆಮೇಲೆ ಹಿಂದಿನ ಆಯಿಲ್ ಸೀಲ್. ಆಮೇಲೆ ಮೇಲಿನ ಮುಚ್ಚಳದ ಗ್ಯಾಸ್ಕೆಟ್. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆಯಿಂದ ಹೊರಗೆ. ಕೊನೆಗೆ ಮೆಕ್ಯಾನಿಕ್ ಕೈ ಒರೆಸಿಕೊಂಡು, "ಗಾಡಿ ಮ್ಹಾತಾರೀ ಝಾಲೀ, ಶೇಟ್" ಅಂದುಬಿಟ್ಟ. ಮುದುಕಿಯಾಯಿತಂತೆ. ಹಾಗಾದರೆ ಸಿದ್ರಾಮನ ಗಾಡಿಗೇನು ಹರೆಯವೇ?

ಕಳೆದ ತಿಂಗಳು ಹೆಂಡತಿಯ ಕೊನೆಯ ತಂಗಿಯ ಮದುವೆ. ಗಂಡಿನ ಊರು ಅಕ್ಕಲಕೋಟ, ಮದುವೆಯೂ ಅಲ್ಲೇ. ಎರಡು ದಿನ ಮೊದಲು ಮಾವನವರು ಪಡಸಾಲೆಯಲ್ಲಿ ಕೂತು ಯಾವ ಗಾಡಿಯಲ್ಲಿ ಯಾರು ಅಂತ ಹಂಚಿದರು. ಮದುಮಗಳು ಸಿದ್ರಾಮನ ಗಾಡಿಯಲ್ಲಿ. ನನ್ನದರಲ್ಲಿ ಪಾತ್ರೆ, ಗೋಧಿ ಹಿಟ್ಟಿನ ಚೀಲ, ಅಡುಗೆಯವರು.

"ದಾರ್ಯಾಗ ಎಣ್ಣಿ ತೀರಿ ಗಾಡಿ ನಿಂತ್ರ ಹುಡುಗಿ ಏನ್ ಮಾಡಬೇಕ್ರಿ?" ಅಂದರು, ನನ್ನ ಮುಖ ನೋಡದೆ.

ಕೂತವರೆಲ್ಲ ಹೌದು ಹೌದು ಅಂದರು. ನನ್ನ ಹೆಂಡತಿಯೂ.

ಊಟ ಸೇರಲಿಲ್ಲ. ಮಧ್ಯಾಹ್ನ ಎಲ್ಲರೂ ಅಡ್ಡಾದರು. ನಾನು ನನ್ನ ಸೀಟಿನ ಕೆಳಗಿದ್ದ, ಬೋಲ್ಟ್ ತಿರುಗಿಸುವ ಒಂದು ದಪ್ಪ ಪಾನಾ ತೆಗೆದುಕೊಂಡು ಸಿದ್ರಾಮನ ಗಾಡಿಯ ಕೆಳಗೆ ಅಂಗಾತ ಜಾರಿದೆ.

ಮುಚ್ಚಿಡುವುದೇನು, ಹೇಳಿಬಿಡುತ್ತೇನೆ. (ಮಾವನವರು ಓದುವುದು ಮರಾಠಿ ಪತ್ರಿಕೆ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.) ಚೇಂಬರಿನ ತಳದಲ್ಲಿ, ಹಳೆಯ ಎಣ್ಣೆ ಇಳಿಸುವುದಕ್ಕೆ ಒಂದು ಡ್ರೇನ್ ಬೋಲ್ಟ್ ಇರುತ್ತದೆ. ಅದನ್ನು ಅರ್ಧ ಸುತ್ತು ಸಡಿಲಿಸಿದರೆ ಹನಿ ಹನಿಯಾಗಿ ಸೋರುತ್ತದೆ. ನನ್ನ ಆಸೆ ಅಷ್ಟೇ. ಅತ್ತೆ ಅವನ ಗಾಡಿಯ ಕೆಳಗೂ ಒಮ್ಮೆ ಡಬ್ಬಿ ಇಡುವುದನ್ನು ನೋಡಬೇಕಿತ್ತು. ದಾರಿಯಲ್ಲಿ ಬೋಲ್ಟ್ ಪೂರಾ ಬಿದ್ದರೆ? ಒಳಗೆ ಮದುಮಗಳು ಕೂತಿದ್ದರೆ? ನಂಬಿ, ಅದು ತಲೆಗೆ ಬರಲೇ ಇಲ್ಲ.

ಅವನ ಎಂಜಿನ್ನಿನ ತಳದಲ್ಲಿ ಧೂಳಿತ್ತು, ಎಣ್ಣೆಯಿರಲಿಲ್ಲ. ಅದನ್ನು ನೋಡಿ ಇನ್ನಷ್ಟು ಉರಿಯಿತು. ಪಾನಾ ಬೋಲ್ಟಿಗೆ ಹಚ್ಚಿದೆ. ಅಷ್ಟರಲ್ಲಿ ಪಕ್ಕದಲ್ಲಿ ಎರಡು ಪಾದ ಬಂದು ನಿಂತವು.

"ಅಣ್ಣಾರ, ಏನ್ ನೋಡಾಕತ್ತೀರಿ?"

ಸಿದ್ರಾಮ.

"ನಿನ್ನ ಗಾಡಿ ಯಾಕ ಸೋರೂದಿಲ್ಲ ಅಂತ ನೋಡಾಕತ್ತೀನಪಾ" ಅಂದೆ. ಬೇಕಾದಾಗ ಸುಳ್ಳು ಎಷ್ಟು ಬೇಗ ಒದಗುತ್ತದೆ ನೋಡಿ.

ಅವನು ನನ್ನ ಕೈಹಿಡಿದು ಹೊರಗೆಳೆದ. ನೇರ ಹೋಗಿ ನನ್ನ ಗಾಡಿಯ ಬಾನೆಟ್ ಎತ್ತಿದ. ಗೇಣುದ್ದದ ಒಂದು ಪೈಪಿನ ಮುಚ್ಚಳವನ್ನು ಬರಿಗೈಯಿಂದಲೇ ತಿರುಗಿಸಿ ತೆಗೆದ. ಅದಕ್ಕೆ ಬ್ರೀದರ್ ಅನ್ನುತ್ತಾರಂತೆ. ಒಳಗಿನ ಜಾಳಿಗೆಯಲ್ಲಿ ಗುರೆಳ್ಳು ಹಿಂಡಿಯಂಥ ಕಪ್ಪು ಮುದ್ದೆ. ಬಿಡಿಸಿದರೆ ಬರೀ ಹತ್ತಿಯ ನಾರು ಮತ್ತು ಧೂಳು. ನನ್ನ ಗಾಡಿ ನಿಲ್ಲುವುದು ಮಗ್ಗಗಳ ಓಣಿಯ ಗೋದಾಮಿನಲ್ಲಿ. ಅಲ್ಲಿ ಗಾಳಿಯಲ್ಲೂ ನಾರೇ.

"ಎಂಜಿನ್ನಿಗಿ ಉಸರಾಡಾಕ ಜಾಗಾ ಇಲ್ಲಂದ್ರ ಒಳಗಿನ ಗಾಳಿ ಎಲ್ಲಿಗಿ ಹೋಗಬೇಕ್ರಿ? ಸಿಕ್ಕ ಸಂದ್ಯಾಗಿಂದ ಎಣ್ಣಿ ಹೊರಗ ದಬ್ಬತೈತಿ. ನೀವ್ ನೂರ್ ಸೀಲ್ ಹಾಕ್ರಿ, ನಿಲ್ಲೂದಿಲ್ಲ" ಅಂದ.

ಚಿಮಣಿ ಎಣ್ಣೆಯಲ್ಲಿ ತಾನೇ ತೊಳೆದ. ಒಣಗಿಸಿ ಕೂರಿಸಿದ. ತನ್ನ ಗಾಡಿಯ ಪಾನಾಗಳನ್ನು ತಂದು ನನ್ನ ಚೇಂಬರಿನ ಸುತ್ತಲಿನ ಬೋಲ್ಟುಗಳನ್ನು ಒಂದೊಂದಾಗಿ ಬಿಗಿದ. ಎರಡು ತಾಸು ಹಿಡಿಯಿತು. ಅವನ ಬಿಳಿ ಧೋತರ ಕರಿಯಾಯಿತು. ನಾನು ನನ್ನ ಪಾನಾ ಹಿಡಿದುಕೊಂಡು ಪಕ್ಕದಲ್ಲಿ ನಿಂತೇ ಇದ್ದೆ.

ಎಲ್ಲ ಮುಗಿದ ಮೇಲೆ ಅವನ ಕಣ್ಣು ಅದರ ಮೇಲೆ ಬಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ ಹೇಳಿದ:

"ಈ ಪಾನಾ ಡ್ರೇನ್ ಬೋಲ್ಟ್ ಬಿಟ್ರ ಬ್ಯಾರೆ ಯಾವುದಕ್ಕೂ ಬರೂದಿಲ್ರಿ, ಅಣ್ಣಾರ. ಒಳಗ ಇಟ್ಟಬಿಡ್ರಿ."

ಅಷ್ಟೇ. ಕೈ ತೊಳೆಯಲು ಬಾವಿಯ ಕಡೆ ಹೋದ. ನಾನು ಪಾನಾ ಒಯ್ದು ಸೀಟಿನ ಕೆಳಗೆ ತಳ್ಳಿದೆ.

ಸಂಜೆ ಗಾಡಿಯನ್ನು ಊರ ಹೊರಗೆ ಹತ್ತು ಮೈಲಿ ಓಡಿಸಿ ತಂದು ನಿಲ್ಲಿಸಿದೆ. ಬೆಳಗ್ಗೆ ಅತ್ತೆ ಡಬ್ಬಿ ಎತ್ತಿ ನೋಡಿದರು. ಖಾಲಿ. ಮಾವನವರನ್ನು ಕರೆದು ತೋರಿಸಿದರು. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಸಿದ್ರಾಮ ಮಾವನವರ ಮುಂದೆ ಹೋಗಿ, ರಿಪೇರಿ ಎಲ್ಲ ಅಣ್ಣಾರೇ ಕೂತು ಮಾಡಿದರು, ಮದುಮಗಳು ಹಿರಿಯ ಅಳಿಯನ ಗಾಡಿಯಲ್ಲಿ ಹೋಗುವುದೇ ರೀತಿ, ಪಾತ್ರೆ ಚೀಲ ತನ್ನದರಲ್ಲಿರಲಿ ಅಂದನಂತೆ. ಅವರು ಒಪ್ಪಿದರು.

ಹೀಗೆ ಮದುಮಗಳನ್ನು ನಾನೇ ಅಕ್ಕಲಕೋಟಕ್ಕೆ ಕರೆದೊಯ್ದೆ, ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿಕೊಂಡು. ಹನಿ ಸೋರಲಿಲ್ಲ. ಚಪ್ಪರದಲ್ಲಿ ಬೀಗರೆಲ್ಲ ನನ್ನ ಕೈಗುಣ ಹೊಗಳಿದರು. ನಾನು ಹಲ್ಲು ಕಿರಿದೆ. ಆ ಕಡೆ ನೋಡಿದರೆ ಸಿದ್ರಾಮ ಹಿಟ್ಟಿನ ಚೀಲ ಹೆಗಲ ಮೇಲೆ ಹೊತ್ತು ಇಳಿಸುತ್ತಿದ್ದ. ಉಗುರ ಸಂದಿಯ ಕಪ್ಪು ಇನ್ನೂ ಹೋಗಿರಲಿಲ್ಲ. ಹೆಂಡತಿ ಅವನನ್ನೇ ನೋಡುತ್ತ, ಎಷ್ಟು ಒಳ್ಳೆಯವನಲ್ಲವೇ ಅಂದಳು. ಹೌದು ಅಂದೆ. ಹೊಟ್ಟೆಯಲ್ಲಿ ಮತ್ತೆ ಅದೇ ಕಿಚ್ಚು.

ತಿಂಗಳಾಯಿತು, ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಬಿಟ್ಟಿದ್ದರೆ ಒಂದು ಜಗಳ ಮಾಡಿಯಾದರೂ ಹಗುರಾಗುತ್ತಿದ್ದೆ. ಪಕ್ಕದವನ ಗಾಡಿ ನಮ್ಮದಕ್ಕಿಂತ ಚಲೋ ಇದ್ದರೆ ಹೇಗೋ ನುಂಗಿಕೊಳ್ಳಬಹುದು. ಅವನೇ ನಮಗಿಂತ ಒಳ್ಳೆಯವನಾಗಿಬಿಟ್ಟರೆ ಏನು ಮಾಡೋದು, ಹೇಳಿ?