ತಾನಾಗಿ ತುಂಬಿದ ಡಬ್ಬಿ

ಇವತ್ತು ಬೆಳಿಗ್ಗೆ ಹಿಡಿ ಅಕ್ಕಿಯ ಡಬ್ಬಿಯನ್ನು ಎಂದಿನಂತೆ ಒಂದೇ ಕೈಯಲ್ಲಿ ಎತ್ತಲು ಹೋದೆ. ಮಣಿಕಟ್ಟು ಬೇಡ ಅಂದಿತು. ತಿಂಗಳ ಕೊನೆ, ದಿನಕ್ಕೊಂದು ಹಿಡಿ, ಅದೂ ಒಳಗೆ ನೋಡದೆ ಹಾಕುವ ಅಭ್ಯಾಸ. ಡಬ್ಬಿ ಅರ್ಧ ತುಂಬಿರಬೇಕು ಅಷ್ಟೆ. ಇದು ನೋಡಿದರೆ ಬಸುರಿಯ ಹಾಗೆ ಕೂತಿದೆ. ಮುಚ್ಚಳ ತೆಗೆದು ನೋಡಿದರೆ ಮುಗಿಯಿತಲ್ಲ ಅನ್ನುತ್ತೀರಿ. ಧೈರ್ಯ ಬರಲಿಲ್ಲ. ನನ್ನ ಬದುಕಿನಲ್ಲಿ ಡಬ್ಬಿಯೊಂದು ತಾನಾಗಿ ತುಂಬಿದ್ದು ಇದು ಎರಡನೆಯ ಸಲ. ಮೊದಲ ಸಲ ಪಟ್ಟ ಪಾಡು ನೆನಪಾಗಿ, ಒಲೆಯ ಮೇಲಿನ ಹಾಲನ್ನು ಇಳಿಸಿ, ಸ್ಟೂಲ್ ಎಳೆದುಕೊಂಡು ಇದನ್ನು ಬರೆಯಲು ಕೂತುಬಿಟ್ಟೆ.

ನಂಜನಗೂಡಿಗೆ ಸೊಸೆಯಾಗಿ ಬರುವ ಮುಂಚೆ ನಾನು ತಿ. ನರಸೀಪುರದ ಕಡೆಯವಳು. ಬನ್ನೂರು ರಸ್ತೆಯಲ್ಲಿ ಇಪ್ಪತ್ತೆಂಟು ಕ್ರೈಸ್ತ ಮನೆಗಳ ಒಂದು ಬೀದಿ, ಅದರ ತುದಿಗೆ ಹೆಂಚಿನ ಪುಟ್ಟ ದೇವಾಲಯ. ನಮ್ಮಜ್ಜಿ ರಾಹೇಲಮ್ಮ ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮುಂಚೆ, ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದಳು. ಬೀದಿಯ ಎಲ್ಲ ಹೆಂಗಸರೂ ಹಾಗೆಯೇ. ಭಾನುವಾರ ಚೀಲದಲ್ಲಿ ತಂದು ದೇವಾಲಯದ ಮೂಟೆಗೆ ಸುರಿಯುತ್ತಿದ್ದರು. ಮನೆಯಲ್ಲಿ ಹತ್ತು ಜನ ನೆಂಟರು ಬಂದು ಅಕ್ಕಿ ಸಾಲದೆ ಹೋದರೂ ಆ ಮಡಕೆಗೆ ಕೈ ಹಾಕುವಂತಿಲ್ಲ.

"ಅದು ನಮ್ದಲ್ಲ ಕಣವ್ವ. ಬುದ್ದಿಗಿಂತ ಕೈಗೆ ಮೊದ್ಲು ಗೊತ್ತಾಗ್ಬೇಕು," ಅನ್ನುತ್ತಿದ್ದಳು ಅಜ್ಜಿ.

ನನ್ನ ಕೈಗೆ ಗೊತ್ತಾಯಿತು. ಬುದ್ಧಿಗೆ ತಡವಾಯಿತು.

ತೊಂಬತ್ತರ ದಶಕದ ಕೊನೆಯಲ್ಲಿ, ನನಗೆ ಇಪ್ಪತ್ತೆರಡು ತುಂಬಿದಾಗ, ನಮ್ಮ ದೇವಾಲಯದ ಪಾದ್ರಿ ಅಯ್ಯನೋರು ಒಂದು ಸುದ್ದಿ ತಂದರು. ಫಿಲಿಪ್ಪೀನ್ಸಿನ ಒಂದು ಕಡಲೂರಿನಲ್ಲಿ ಸುವಾರ್ತೆ ಸೇವೆಗೆ ತರಬೇತಿ ಕೊಡುವ ಶಾಲೆ ಇದೆ. ಎರಡು ವರ್ಷದ ಪಾಠ. ಮೊದಲು ಒಂದು ವಾರ ಇಟ್ಟುಕೊಂಡು ನೋಡುತ್ತಾರೆ. ಸರಿಬಂದರೆ ಉಂಟು, ಇಲ್ಲವಾದರೆ ಶನಿವಾರ ವಾಪಸು. ಮಕ್ಕಳಿಗೆ ಭಾನುವಾರದ ಪಾಠ ಹೇಳುತ್ತಿದ್ದ ನನ್ನನ್ನು ಅವರು ಆರಿಸಿದ್ದರು. ನನ್ನ ವಿಮಾನದ ಟಿಕೆಟ್ಟಿಗೆ ಆ ವರ್ಷದ ಹಿಡಿ ಅಕ್ಕಿಯಿಂದ ಬಂದದ್ದೂ ಸೇರಿತ್ತು. ಅಂದರೆ ನನ್ನ ಹಿಂದೆ ಇಪ್ಪತ್ತೆಂಟು ಮನೆಗಳು ಒಂದೊಂದು ಹಿಡಿ ಕಡಿಮೆ ಉಂಡಿದ್ದವು. ನಾನು ಶನಿವಾರ ವಾಪಸು ಬರುವಂತಿರಲಿಲ್ಲ.

ಹೊರಡುವ ದಿನ ಇಡೀ ಬೀದಿ ಬಸ್ ಸ್ಟ್ಯಾಂಡಿಗೆ ಬಂದಿತ್ತು. ಪಕ್ಕದ ಮನೆಯ ಸುಗುಣಕ್ಕ ಚಟ್ನಿಪುಡಿಯನ್ನು ನಾಲ್ಕು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟು, "ಅಲ್ಲಿ ಹಾವು ತಿಂತಾರಂತೆ, ಉಸಾರು ಕನಮ್ಮಿ," ಅಂದಳು. ಅಲ್ಲಿ ಹೋಗಿ ನೋಡಿದರೆ ಮೂರು ಹೊತ್ತೂ ಅನ್ನ. ನಮ್ಮ ಮನೆಗಿಂತ ಜಾಸ್ತಿ ಅನ್ನ.

ಶಾಲೆಯಲ್ಲಿ ಎಲ್ಲರೂ ಒಂದೊಂದು ಕೆಲಸ ಮಾಡಬೇಕು. ನಾನು ಅಡುಗೆಮನೆ ಕೇಳಿದೆ. ಅಲ್ಲಿ ಇಂಗ್ಲಿಷು ಕಡಿಮೆ ಸಾಕು ಅನ್ನುವ ಲೆಕ್ಕಾಚಾರ. ಬೆಳಗಿನ ಅಡುಗೆ ನನಗೆ, ಸಂಜೆಯದು ನನ್ನ ಕೋಣೆಯವಳಾದ ಮಿಜೋರಾಮಿನ ಲಾಲಿಗೆ. ಅಡುಗೆಮನೆಯ ಯಜಮಾನಿ ರೋಸಾ. ಕುಳ್ಳಗೆ, ಗುಂಡಗೆ, ಸೊಂಟದಲ್ಲಿ ಉಗ್ರಾಣದ ಬೀಗದಕೈ. ಹದಿನಾರು ಜನಕ್ಕೆ ಎಂಟು ಲೋಟ ಅಕ್ಕಿಯನ್ನು ಬೆರಳಿನಿಂದ ಮಟ್ಟ ಹೊಡೆದು ಅಳೆದುಕೊಡುತ್ತಿದ್ದಳು.

ಮೊದಲ ದಿನ, ಸೋಮವಾರ, ಅವಳು ಕೊಟ್ಟ ಅಕ್ಕಿಯನ್ನು ತೊಳೆಯುವ ಮುಂಚೆ ನನ್ನ ಕೈ ಹೋಯಿತು. ಒಂದು ಹಿಡಿ ತೆಗೆಯಿತು. ಹಾಕಲು ಮಡಕೆ ಎಲ್ಲಿ? ಕಿಟಕಿಯ ಬಳಿ ಒಂದು ಖಾಲಿ ಬಿಸ್ಕತ್ತಿನ ಡಬ್ಬಿ ಇತ್ತು, ಅದಕ್ಕೆ ಹಾಕಿ ಸೋಪಿನ ಪೊಟ್ಟಣಗಳ ಹಿಂದೆ ಇಟ್ಟೆ. ಯಾರನ್ನೂ ಕೇಳಲಿಲ್ಲ. ಇಂಥದ್ದಕ್ಕೆ ಕೇಳುವುದುಂಟೆ? ಭಾನುವಾರ ಅವರ ದೇವಾಲಯಕ್ಕೆ ಕೊಟ್ಟರಾಯಿತು ಅಂದುಕೊಂಡೆ.

ಮಂಗಳವಾರದಿಂದ ಅನ್ನ ಸಾಲದಾಯಿತು, ಬೆಳಿಗ್ಗೆಯೂ ಸಂಜೆಯೂ. ಕೊನೆಗೆ ಬರುತ್ತಿದ್ದ ಉದ್ದನೆಯ ಕೊರಿಯಾದ ಹುಡುಗನಿಗೆ ತಳ ಹತ್ತಿದ ಸೀಕಲು. ರೋಸಾ ನನ್ನ ಪಾತ್ರೆಯನ್ನು ಬಗ್ಗಿ ನೋಡಿ, "ನೀನು ಬೇಯಿಸಿದರೆ ಅನ್ನ ಕುಗ್ಗುತ್ತದಲ್ಲ ಹುಡುಗಿ!" ಅಂದಳು. ನೀರು ಹೆಚ್ಚು ಮಾಡುತ್ತೇನೆ ಅಂದೆ. ನಿಜಕ್ಕೂ ನನಗೆ ಸಂಬಂಧ ಹೊಳೆಯಲಿಲ್ಲ. ಒಂದು ಹಿಡಿಯಿಂದ ಯಾರಿಗಾದರೂ ಕಡಿಮೆಯಾದದ್ದು ನಮ್ಮ ಮನೆಯಲ್ಲಿ ಕಂಡಿರಲಿಲ್ಲ. ನಮ್ಮಜ್ಜಿ ಬೆರಳಿನಿಂದ ಮಟ್ಟ ಹೊಡೆಯುತ್ತಿರಲಿಲ್ಲ, ಅದು ಬೇರೆ ಮಾತು.

ನನ್ನ ಚಿಂತೆ ಬೇರೆಯೇ ಇತ್ತು. ಶುಕ್ರವಾರ ಸಂಜೆ ಎಲ್ಲರೂ ಎದ್ದು ಸಾಕ್ಷಿ ಹೇಳಬೇಕು. ದೇವರು ತಮ್ಮನ್ನು ಎಲ್ಲಿಂದ ಎತ್ತಿ ಎಲ್ಲಿಗೆ ತಂದ ಅನ್ನುವುದನ್ನು. ಒಬ್ಬ ಮುಳುಗಿದ ದೋಣಿಯಿಂದ ಬದುಕಿದವನು, ಇನ್ನೊಬ್ಬ ಹತ್ತು ವರ್ಷ ಕುಡಿದು ಬಿಟ್ಟವನು. ನನ್ನನ್ನು ದೇವರು ತಿ. ನರಸೀಪುರದಿಂದ ಎತ್ತಿದ್ದ, ಅಷ್ಟೆ.

"ನೀನು ಏನೂ ಪಾಪ ಮಾಡಿಲ್ವಾ?" ಅಂತ ಲಾಲಿ ಮರುಕದಿಂದ ಕೇಳಿದಳು. ನಾವಿಬ್ಬರೂ ಆಡುತ್ತಿದ್ದದ್ದು ಹರಕು ಇಂಗ್ಲಿಷು. ನನ್ನ ಮಾನ ಉಳಿಯಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಬ್ಬಿನ ಗಾಡಿಯಿಂದ ಜಲ್ಲೆ ಎಳೆದಿದ್ದೆ."

"ಎಷ್ಟು?"

"ಒಂದು."

"ಇದಕ್ಕೆ ಯಾರೂ ಅಳಲ್ಲ," ಅಂದಳು.

ಗುರುವಾರ ಬೆಳಿಗ್ಗೆ ಮೊದಲ ಸಲ ಡಬ್ಬಿಯೊಳಗೆ ಕಣ್ಣು ಹಾಯಿಸಿದೆ. ನಾನು ಹಾಕಿದ್ದು ಮೂರು ಹಿಡಿ. ಡಬ್ಬಿ ತುಂಬಲು ಎರಡು ಬೆರಳು ಬಾಕಿ! ಬೈಬಲಿನ ಆ ಬರಗಾಲದಲ್ಲಿ ಪ್ರವಾದಿಗೆ ರೊಟ್ಟಿ ಕೊಟ್ಟ ವಿಧವೆಯ ಮನೆಯಲ್ಲಿ ಹಿಟ್ಟಿನ ಮಡಕೆ ಬರಿದಾಗಲೇ ಇಲ್ಲವೆಂದು ನಾನೇ ಎಷ್ಟು ಸಲ ಮಕ್ಕಳಿಗೆ ಪಾಠ ಹೇಳಿದ್ದೆ! ಬಚ್ಚಲಿಗೆ ಓಡಿ, ಬಾಗಿಲು ಹಾಕಿಕೊಂಡು, ಒದ್ದೆ ನೆಲದ ಮೇಲೆ ಮೊಣಕಾಲೂರಿದೆ. ಸಾಕ್ಷಿ ಸಿಕ್ಕಿತ್ತು. ಇಪ್ಪತ್ತೆಂಟು ಮನೆಯವರ ಮುಂದೆ ಇನ್ನು ತಲೆ ತಗ್ಗಿಸಬೇಕಾಗಿರಲಿಲ್ಲ.

ಶುಕ್ರವಾರ ಸಂಜೆ ಆ ಡಬ್ಬಿಯನ್ನು ಎದೆಗವಚಿಕೊಂಡೇ ಸಭೆಗೆ ಹೋದೆ. ನನ್ನ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅಜ್ಜಿಯ ಮಡಕೆ, ನನ್ನ ಹಿಡಿ, ಕರ್ತನ ಕೃಪೆ. ಕೊನೆಗೆ ಮುಚ್ಚಳ ತೆಗೆದು ಎತ್ತಿ ತೋರಿಸಿದೆ. ಕೊರಿಯಾದ ಹುಡುಗನ ಕಣ್ಣು ಒದ್ದೆಯಾಗಿತ್ತು. ಸೀಕಲು ತಿಂದ ದುಃಖವೋ ಏನೋ.

ಆಗ ಹಿಂದಿನ ಸಾಲಿನಿಂದ ರೋಸಾ ಎದ್ದಳು. "ನನ್ನ ಅಕ್ಕಿ!" ಅಂದಳು.

ಅವಳ ಹಿಂದೆಯೇ ಲಾಲಿ ಕೈ ಎತ್ತಿದಳು. ಮುಖ ಕೆಂಪಗಾಗಿತ್ತು. "ಅದು... ಸಂಜೆ ಹೊತ್ತು ನಾನೂ ಹಾಕ್ತಿದ್ದೆ. ಡಬ್ಬಿ ನೋಡಿದೆ, ಇಲ್ಲೂ ನಮ್ಮ ಊರಿನ ಪದ್ಧತಿ ಇದೆ ಅಂದುಕೊಂಡೆ. ನಮ್ಮ ಕಡೆ ಪ್ರತಿ ಮನೆಯಲ್ಲೂ ಹೀಗೇ ಎತ್ತಿಡುತ್ತಾರೆ. ನಾನು ಎರಡೆರಡು ಹಿಡಿ ಹಾಕಿದೆ. ಸಾರಿ."

ಮೊದಲು ನಕ್ಕವಳು ರೋಸಾ. ಆಮೇಲೆ ಆ ನಗು ನಿಲ್ಲಲು ಕಾಲು ಗಂಟೆ ಬೇಕಾಯಿತು. ಡಬ್ಬಿ ಹಿಡಿದು ನಿಂತಿದ್ದ ನಾನೊಬ್ಬಳೇ ನಗಲಿಲ್ಲ. ಕೂರಲು ಜಾಗ ಎಲ್ಲಿತ್ತೆಂಬುದೇ ಮರೆತುಹೋಗಿತ್ತು.

ಶನಿವಾರ ಹಿರಿಯ ಉಪಾಧ್ಯಾಯರು ಕರೆದರು. ಬೆಳ್ಳಗಿನ ತಲೆ, ಮೆಲುದನಿ. ಲಾಲಿ ಉಳಿಯುತ್ತಾಳೆ, ನಾನು ಹೊರಡಬೇಕು ಅಂದರು. ಅಕ್ಕಿಗೋಸ್ಕರ ಅಲ್ಲ ಅಂತಲೂ ಹೇಳಿದರು. "ಮಗಳೇ, ಡಬ್ಬಿ ತುಂಬಿದ್ದು ಕಂಡಾಗ ದೇವರನ್ನು ಕೇಳಿದೆ, ಒಳ್ಳೆಯದು. ಪಕ್ಕದ ಮಂಚದವಳನ್ನೂ ಒಂದು ಮಾತು ಕೇಳಬಹುದಿತ್ತು. ಊರೂರು ತಿರುಗುವ ಕೆಲಸಕ್ಕೆ ಅದು ಮೊದಲು ಬೇಕು."

ಅಷ್ಟು ದೂರ ಹಾರಿಹೋಗಿ ನಾನು ಕಲಿತ ಪಾಠ ಇದೊಂದೇ.

ಊರಿಗೆ ಬಂದಾಗ ಬೀದಿಯ ತುದಿಯಲ್ಲೇ ಕಾಲು ನಿಂತಿತು. ಸುಗುಣಕ್ಕ ನೋಡಿ, "ಇದ್ಯಾಕವ್ವ, ಎಲ್ಡ್ ವರ್ಸ ಅಂದಿದ್ರು, ಎಂಟೇ ದಿನಕ್ ಮುಗೀತಾ?" ಅಂದಳು. ಸೀದಾ ಒಳಗೆ ಹೋಗಿ ಅಜ್ಜಿಯ ಮುಂದೆ ಕೂತು ಅಳುತ್ತಲೇ ಎಲ್ಲ ಒಪ್ಪಿಸಿಬಿಟ್ಟೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಅಕ್ಕಿ ಏನಾಯ್ತು?" ಅಂದಳು.

"ರೋಸಾ ಅದನ್ನ ಮೀನು ಹಿಡಿಯೋರ ಮನೆಗೆ ಕೊಟ್ಳು. ಅವರ ದೋಣಿ ಒಡೆದುಹೋಗಿತ್ತಂತೆ."

"ಉಂಡ್ರಾ?"

"ಉಂಡ್ರು."

"ಮತ್ಯಾಕವ್ವ ಅಳೀಯೆ? ಓಗು, ಮಕ ತೊಳ್ಕಂಡು ಅನ್ನಕ್ಕಿಡು. ಒಂದಿಡಿ ತೆಗ್ಯಾದ ಮರ್ತೀಯೆ."

ಭಾನುವಾರ ಅಜ್ಜಿಯೇ ದೇವಾಲಯದಲ್ಲಿ ಎದ್ದು ನಿಂತು ಈ ಕಥೆಯನ್ನು ಹೇಳಿದಳು. ಇಪ್ಪತ್ತೆಂಟು ಮನೆಯೂ ನಕ್ಕಿತು. ಆವತ್ತು ನಾನೂ ನಕ್ಕೆ. ಆಮೇಲೆ ಒಂದು ವರ್ಷ ನನ್ನ ಹೆಸರು ಫಿಲಿಪ್ಪೀನಮ್ಮ.

ಈಗ ಇಲ್ಲಿ ನಮ್ಮ ಸಭೆಯಲ್ಲಿ ಅಕ್ಕಿ ಎತ್ತುವುದು ನಿಂತಿದೆ, ಕಾಣಿಕೆಗೆ ಕವರು ಬಂದಿದೆ. ತಿಂಗಳ ಮೊದಲ ಭಾನುವಾರ ಆರಾಧನೆಯಾದ ಮೇಲೆ ಊಟವಿರುತ್ತದೆ; ನನ್ನ ಡಬ್ಬಿ ಆ ಹಂಡೆಗೆ ಹೋಗುತ್ತದೆ. ನನ್ನವರು ಲೈನ್‌ಮನ್ ಆಗಿದ್ದು ನಿವೃತ್ತರಾದವರು. ನಾನು ಹಿಡಿ ತೆಗೆಯುವಾಗಲೆಲ್ಲ, "ಸಭೆಯೋರೇ ಬುಟ್ರು, ನೀನೊಬ್ಳು ಇನ್ನೂ ನಿಮ್ಮಜ್ಜಿ ಕಾಲದಲ್ಲೇ ಇದ್ದೀಯ ಕಣೆ," ಅಂತ ರೇಗಿಸುತ್ತಾರೆ. ಈಚೆಗೆ ನನ್ನ ಕೈನೋವಿನಿಂದ ಸಂಜೆ ಕುಕ್ಕರ್ ಇಡುವುದು ಅವರ ಪಾಲಿಗೆ ಬಂದಿದೆ.

ಇಷ್ಟು ಬರೆಯುವ ಹೊತ್ತಿಗೆ ಧೈರ್ಯ ಬಂತು. ಮುಚ್ಚಳ ತೆಗೆದೆ. ಮುಚ್ಚಳದವರೆಗೂ ಅಕ್ಕಿ. ನನ್ನ ಸಣ್ಣಕ್ಕಿಯ ನಡುವೆ ಗುಂಡುಗುಂಡಗೆ ಇಡ್ಲಿ ಅಕ್ಕಿ. ಈ ಮನೆಯಲ್ಲಿ ಇಡ್ಲಿ ಅಕ್ಕಿಗೂ ಅನ್ನದ ಅಕ್ಕಿಗೂ ವ್ಯತ್ಯಾಸ ಗೊತ್ತಿಲ್ಲದವರು ಒಬ್ಬರೇ. ಹೋದ ವಾರ ಅದನ್ನೇ ಬೇಯಿಸಿಟ್ಟು, "ಅನ್ನ ಗಟ್ಟಿಯಾಗಿದ್ರೆ ತಾಕತ್ತು," ಅಂತ ವಾದಿಸಿದವರು.

ಈ ಸಲ ಮೊಣಕಾಲೂರಲಿಲ್ಲ. ಪಡಸಾಲೆಗೆ ಹೋಗಿ ಪಕ್ಕದ ಮಂಚದವರನ್ನೇ ಕೇಳಿದೆ.

"ರೀ, ಡಬ್ಬಿಗೆ ಅಕ್ಕಿ ಹಾಕ್ತಿದ್ದೀರಾ?"

ಪೇಪರು ಕೆಳಗಿಳಿಯಲಿಲ್ಲ. "ನಂಗೇನ್ ಗೊತ್ತು? ದೇವ್ರು ತುಂಬಿರ್ಬೇಕು. ನಿಂಗದೇನ್ ಒಸದಾ?"

ಪೇಪರಿನ ಅಂಚು ಮಾತ್ರ ಸಣ್ಣಗೆ ಅಲುಗುತ್ತಿತ್ತು. ಒಳಗೆ ಬಂದು ಇಡ್ಲಿ ಅಕ್ಕಿಯನ್ನು ಆರಿಸಿ ತೆಗೆಯೋಣ ಅಂತ ಮೊರ ಇಳಿಸಿದೆ. ಆಮೇಲೆ ಮೊರವನ್ನು ಮೊಳೆಗೇ ತೂಗುಹಾಕಿ, ಎರಡೂ ಕೈಯಲ್ಲಿ ಹಿಡಿದು ಡಬ್ಬಿಯನ್ನು ಅದರ ಜಾಗಕ್ಕೆ ಇಟ್ಟೆ. ನಾಳೆ ನಮ್ಮ ಸಭೆಯವರು ಉಣ್ಣುವ ಅನ್ನ ಕೊಂಚ ಗಟ್ಟಿಯಾಗಿರುತ್ತದೆ.